ಉಪ್ಪುನೀರಿನ ಶೀಶೆ

ದರ್ಜಿ ಅಕ್ಕನ ಬಲ ಮೊಣಕಾಲು ಊದಿಕೊಂಡು ಎಂಟು ತಿಂಗಳಾಗಿತ್ತು. ಹೊಲಿಗೆ ಯಂತ್ರದ ಪೆಡಲ್ ತುಳಿಯುವ ಕಾಲೇ ಅದು. ಒಬ್ಬ ಡಾಕ್ಟರು ಸವೆತ ಎಂದರು, ಇನ್ನೊಬ್ಬರು ವಾತ ಎಂದರು, ಮೂರನೆಯವರು ಏನೂ ಅನ್ನದೆ ಸೂಜಿ ಚುಚ್ಚಿದರು. ಊತ ಮಾತ್ರ ಯಾರಿಗೂ ಸೊಪ್ಪು ಹಾಕಲಿಲ್ಲ.

ನಾಲ್ಕನೆಯ ಡಾಕ್ಟರಮ್ಮನಿಗೆ ಕ್ಷಯದ ಅನುಮಾನ. ಅದು ಕೀಲಿನಲ್ಲೂ ಮನೆ ಮಾಡುತ್ತದಂತೆ. ಈಗಲೇ ಗೊತ್ತಾದರೆ ಮಾತ್ರೆಯಲ್ಲೇ ಕೀಲು ಉಳಿದೀತು. ತಡವಾದರೆ ರೋಗ ಕೀಲನ್ನೇ ತಿಂದುಹಾಕಿ, ಕಾಲನ್ನು ನೆಟ್ಟಗೆ ಬೆಸೆಯುವುದೊಂದೇ ದಾರಿ. ಕೀಲಿನ ನೀರಿನಲ್ಲಿ ಏನೂ ಸಿಗದಿದ್ದಾಗ, ಪರೀಕ್ಷೆಗೆಂದು ಒಳಪದರದಿಂದ ಒಂದು ಚೂರು ಕತ್ತರಿಸಿದರು.

ಆಪರೇಷನ್ ಕೋಣೆಯ ಹಳೇ ನರ್ಸು ಮೂವತ್ತು ವರ್ಷದ ರೂಢಿಯಂತೆ ಇಡೀ ಚೂರನ್ನು ಫಾರ್ಮಲಿನ್‌ಗೆ ಹಾಕಿಬಿಟ್ಟರು. ಮಾಂಸ ಕೆಡದಂತೆ ಕಾಯುವ ಆ ದ್ರಾವಣ ರೋಗಾಣುವನ್ನೂ ಕೊಲ್ಲುತ್ತದೆ. ಸತ್ತದ್ದನ್ನು ಲ್ಯಾಬಿನವರು ಬೆಳೆಸಿ ನೋಡುವುದಾದರೂ ಹೇಗೆ? ‘ಇರಬಹುದು, ಖಚಿತವಿಲ್ಲ’ ಎಂದು ವರದಿ ಬಂತು.

"ತಪ್ಪು ನಮ್ದೇ. ಇನ್ನೊಂದು ಚೂರು ಬೇಕಾಗುತ್ತೆ," ಎಂದರು ಡಾಕ್ಟರಮ್ಮ.

ಜೊತೆಗೆ ಬಂದಿದ್ದ ಅತ್ತಿಗೆ ಸಿಡಿದಳು. "ಕಾಲೇನು ಬಟ್ಟೆ ಥಾನಾ, ಬೇಕಾದಾಗೆಲ್ಲ ಕತ್ತರಿಸೋಕೆ?"

"ತೆಗೀರಿ," ಎಂದಳು ದರ್ಜಿ. "ಆದ್ರೆ ಈ ಸಲ ಶೀಶೆ ನನ್ನ ಕೈಲಿರುತ್ತೆ."

ಹಠಕ್ಕೆ ಬಿದ್ದರೆ ಅವಳು ಜಗ್ಗುವ ಆಸಾಮಿಯಲ್ಲ. ಸೊಂಟದ ಕೆಳಗೆ ಮರಗಟ್ಟಿಸಿ ಎದೆಯ ಮೇಲೆ ಪರದೆ ಕಟ್ಟಿದಾಗಲೂ, ಪಕ್ಕಕ್ಕೆ ಚಾಚಿದ ಕೈಯಲ್ಲಿ ಉಪ್ಪುನೀರಿನ ಶೀಶೆ ಹಿಡಿದೇ ಇದ್ದಳು. ರೋಗಾಣು ಜೀವಂತ ಉಳಿಯುವುದು ಅದರಲ್ಲಿ. ಭಯ ಇರಲಿಲ್ಲವೆಂದಲ್ಲ.

ಪರದೆಯಾಚೆ ಮುಚ್ಚಳ ತಿರುಗಿದ ಸದ್ದಾಯಿತು. ಮೂಗು ಸುಡುವ ಫಾರ್ಮಲಿನ್ ಘಾಟು ಬಂತು.

"ಅಯ್ಯೋ ಸಿಸ್ಟರ್, ಅದರಲ್ಲಿ ಬೇಡ!" ಎಂದು ಕಿರುಚಿದಳು.

"ಕೈಗೆ ಅಭ್ಯಾಸ ಆಗೋಗಿದೆ ಕಣಮ್ಮಾ," ನರ್ಸಿನ ದನಿ ಪೆಚ್ಚಾಗಿತ್ತು. ಚೂರು ಉಪ್ಪುನೀರಿಗೆ ಬಿತ್ತು.

ಆಮೇಲೆ ವಾರವಾರವೂ ಕುಂಟುತ್ತ ಲ್ಯಾಬಿಗೆ ಹೋದಳು. "ಇನ್ನೂ ಇಲ್ಲಕ್ಕಾ" ಎಂದೇ ಐದು ಸಲ ವಾಪಸ್ ಕಳಿಸಿದರು. ಆರನೆಯ ವಾರ ಡಾಕ್ಟರಮ್ಮನೇ ಕರೆಸಿದರು.

"ಬೆಳೆದಿದೆ. ಕ್ಷಯಾನೇ."

ಅತ್ತಿಗೆ ಗೊಳೋ ಎಂದು ಅತ್ತಳು. ದರ್ಜಿಗೆ ನಗು ತಡೆಯಲಾಗಲಿಲ್ಲ. ರೋಗ ಬಂತೆಂದು ಇಷ್ಟು ಖುಷಿಪಟ್ಟವರನ್ನು ಆ ಕೋಣೆ ಕಂಡಿರಲಿಕ್ಕಿಲ್ಲ.

"ಒಂದು ವರ್ಷಕ್ಕೂ ಹೆಚ್ಚು ಮಾತ್ರೆ ನುಂಗಬೇಕು. ಒಂದು ದಿನಾನೂ ತಪ್ಪಿಸೋ ಹಾಗಿಲ್ಲ."

"ಕಾಲು ಮಡಚುತ್ತಾ?"

"ಪೂರ್ತಿ ಅಲ್ಲ. ಪೆಡಲ್ ತುಳಿಯೋವಷ್ಟು ಮಡಚಬಹುದು."

ಅವಳು ಅಂಗೈ ಚಾಚಿದಳು. "ಮೊದಲನೇ ಮಾತ್ರೆ ಈಗಲೇ ಕೊಡಿ."