ಬೀದಿಗೆ ಮುಖ ಮಾಡಿದ ಚಪ್ಪಲಿ

ನಾನು ಆ ಮನೆಗೆ ಎರಡನೆಯ ಹೆಂಡತಿಯಾಗಿ ಬಂದ ದಿನ, ಹೊಸ್ತಿಲ ಹೊರಗೆ ಬಿಟ್ಟ ನನ್ನ ಚಪ್ಪಲಿಗಳನ್ನು ಯಾರೋ ತಿರುಗಿಸಿ ಬೀದಿಗೆ ಮುಖ ಮಾಡಿ ಇಟ್ಟಿದ್ದರು. ಅದು ಆ ಮನೆಯ ರೂಢಿ. ನೆಂಟರು ಹೊರಡುವಾಗ ಮೆಟ್ಟಿಕೊಳ್ಳಲು ಸಲೀಸಾಗಲೆಂದು ಅವರ ಚಪ್ಪಲಿಗಳನ್ನು ಹಾಗೆ ತಿರುಗಿಸಿಡುತ್ತಿದ್ದರು. ಮನೆಯವರವು ಬಿಟ್ಟ ಹಾಗೆ ಒಳಗೆ ಮುಖ ಮಾಡಿ ಇರುತ್ತಿದ್ದವು. ಮೊದಲ ಹೆಂಡತಿ ಬಸಲಿಂಗವ್ವ ಹೊರಗೆ ಬಂದು ನೋಡಿದಳು. ಅವಳು ಬಗ್ಗಿ, ಕೈಯಿಂದಲೇ ನನ್ನ ಚಪ್ಪಲಿಗಳನ್ನು ಒಳಮುಖ ಮಾಡಿ ಇಟ್ಟು, "ಇಕಿ ಹೋಗಾಕ ಬಂದಾಕಿ ಅಲ್ಲ" ಎಂದಳು. ಅಂದಿನಿಂದ ಅವಳು ನನಗೆ ಅಕ್ಕ, ನಾನು ಅವಳಿಗೆ ತಂಗಿ.

ಜಗಳವಾಡದೆ ಬಾಳಿದೆವೆಂದಲ್ಲ. ಉಪ್ಪಿಗೂ ಆಡಿದೆವು, ಒಲೆಯ ಬೂದಿಗೂ ಆಡಿದೆವು. ಇಬ್ಬರಿಗೂ ಮಕ್ಕಳಾಗಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ಜಗಳಕ್ಕೆ ಕಾರಣವೇ ಉಳಿಯಲಿಲ್ಲ, ಆದರೂ ಆಡಿದೆವು. ಮನೆಯಲ್ಲಿ ಮಾತಿನ ಸದ್ದು ಇರಬೇಕಲ್ಲ.

ಆಮೇಲೆ ಅಕ್ಕನಿಗೆ ಮರೆವು ಹತ್ತಿತು. ಉರಿಯುವ ಒಲೆ ಬಿಟ್ಟು ಎದ್ದು ಹೋಗುವಳು, ಬೀದಿ ತಪ್ಪುವಳು. ಒಮ್ಮೆ ಬಚ್ಚಲಲ್ಲಿ ಜಾರಿದವಳನ್ನು ಎತ್ತಲು ಹೋಗಿ ನಾನೂ ಬಿದ್ದೆ. ಹಾಲಿನವಳು ಬಂದು ಎಬ್ಬಿಸುವ ತನಕ ಇಬ್ಬರೂ ಒದ್ದೆ ಕಲ್ಲಿನ ಮೇಲೆ ಹಾಗೇ ಬಿದ್ದಿದ್ದೆವು. ನನ್ನ ಸೊಂಟ ಅಂದಿನಿಂದ ನೆಟ್ಟಗಾಗಲಿಲ್ಲ. ಅಕ್ಕನನ್ನು ನೋಡಿಕೊಳ್ಳುವ ಒಂದು ವೃದ್ಧಾಶ್ರಮ ಹುಡುಕದೆ ಬೇರೆ ದಾರಿ ಇರಲಿಲ್ಲ. ಅವಳು ಅಲ್ಲಿ ನಿಲ್ಲುವಳೇ ಎಂಬುದೊಂದೇ ನನ್ನ ಚಿಂತೆ.

ಒಂದು ಜಾಗ ನೋಡಿಕೊಂಡು ಬರೋಣ ಎಂದೆ. ಯಾರಿಗೆ ಎಂದು ಕೇಳಿದಳು. ನಾನು ಒಲೆಯ ಬೂದಿ ಕೆದಕಿದೆ. ಅವಳು ನನ್ನನ್ನೇ ನೋಡಿ, "ನಿನಗೇನು? ಆಗಲಿ ಬಿಡು. ನೀನೂ ಇತ್ತಿತ್ತಲಾಗ ಭಾಳ ಮರೀತಿ. ಆದರ ಜಾಗ ನಾ ಆರಸ್ತೀನಿ" ಎಂದಳು.

ಅಲ್ಲವೆಂದು ಹೇಳಲು ಬಾಯಿ ತೆರೆದೆ. ಅವಳು ಆಗಲೇ ಸೆರಗು ಸರಿಮಾಡಿಕೊಂಡು ಎದ್ದಿದ್ದಳು. ಎಷ್ಟೋ ದಿನಗಳಿಂದ ಅವಳ ಮುಖದಲ್ಲಿ ಅಂಥ ಕಳೆ ಕಂಡಿರಲಿಲ್ಲ.

ಮೊದಲು ನೋಡಿದ ಕಡೆ ಕೋಣೆಗಳು ಮಾಳಿಗೆಯ ಮೇಲಿದ್ದವು. ನನ್ನ ಮೊಣಕಾಲಿಗೆ ಮೆಟ್ಟಿಲು ಆಗದೆಂದು ಅಕ್ಕ ಕೆಳಗಿನಿಂದಲೇ ಬೇಡವೆಂದಳು. ಎರಡನೆಯದು ಕನ್ನಡಿಯ ಹಾಗೆ ತೊಳೆದಿಟ್ಟ ಜಾಗ. ಎಲ್ಲರಿಗೂ ಒಂದೇ ಬಣ್ಣದ ಸೀರೆ, ಗಂಟೆ ಬಾರಿಸಿದರೆ ಊಟ. ನನಗೆ ಅದು ಮನಸ್ಸಿಗೆ ಬಂದಿತ್ತು. ಅಕ್ಕ ಪಡಸಾಲೆಯಲ್ಲಿ ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡಿ, "ಇಲ್ಲಿ ಯಾರೂ ಜಗಳಾನ ಆಡೂದಿಲ್ಲ. ಜಗಳ ಇಲ್ಲದ ಇಕಿ ಹ್ಯಾಂಗ ಬದಕ್ತಾಳ?" ಎಂದು ನನ್ನ ಕೈಹಿಡಿದು ಹೊರಗೆ ಕರೆತಂದಳು.

ಮೂರನೆಯದು ಹಂಚಿನ ಮನೆ, ಅಂಗಳದಲ್ಲಿ ಬೇವಿನ ಮರ. ನಾವು ಹೋದಾಗ ಇಬ್ಬರು ಮುದುಕಿಯರು ಬಟ್ಟೆ ಒಣಹಾಕುವ ಹಗ್ಗಕ್ಕಾಗಿ ಬೈದಾಡುತ್ತಿದ್ದರು. ಅಕ್ಕ ನಿಂತು ಪೂರ್ತಿ ಕೇಳಿದಳು. ಒಳಗೆ ಹೋಗಿ, ಬೆಳಗಿನ ಬಿಸಿಲು ಬೀಳುವ ಕಿಟಕಿಯ ಪಕ್ಕದ ಮಂಚವನ್ನು ಒತ್ತಿ ನೋಡಿ, ಇದೇ ಎಂದಳು. ಅಲ್ಲಿನ ಆಯಾ ಮೌಲಾಬಿಯನ್ನು ಪಕ್ಕಕ್ಕೆ ಕರೆದು ನನ್ನ ಬಗ್ಗೆ ಹೇಳತೊಡಗಿದಳು. ನನಗೆ ಬದನೆಕಾಯಿ ಆಗದು, ತಣ್ಣೀರಿನ ಸ್ನಾನ ಆಗದು. "ಗುಡುಗಿದರ ಹೆದರ್ತಾಳ. ಹೆದರಿಲ್ಲ ಅಂತಾಳ, ನಂಬಬ್ಯಾಡ. ಬಾಜೂಕ ಕುಂದರು" ಎಂದಳು. ಅವಳು ಮಂಚ ನೋಡುವಾಗಲೇ, ಇಲ್ಲಿ ಉಳಿಯುವವಳು ಅಕ್ಕನೇ ಎಂದು ಮೌಲಾಬಿಗೆ ನಾನು ತಿಳಿಸಿದ್ದೆ. ಮೌಲಾಬಿ ತಲೆಯಾಡಿಸುತ್ತ ನನ್ನ ಕಡೆ ನೋಡಿದಳು. ನಾನು ಗೋಡೆಯ ಕಡೆ ತಿರುಗಿದೆ.

ಆಶ್ರಮಕ್ಕೆ ಬಿಡುವ ದಿನ ಅಕ್ಕ ನನ್ನ ಸೀರೆಗಳನ್ನು ಮಡಚಿ ಟ್ರಂಕಿಗೆ ತುಂಬಿದಳು. ಅವಳು ಮುಖ ತೊಳೆಯಲು ಹೋದಾಗ ನಾನು ಅವನ್ನು ತೆಗೆದು ಅವಳವನ್ನು ತುಂಬಿದೆ.

ಆ ಹಂಚಿನ ಮನೆಯಲ್ಲಿ ಅಕ್ಕ, ನನ್ನನ್ನು ಬಿಡಲು ಬಂದ ನೆಂಟಳಾಗಿಯೇ ಉಳಿದಳು. ಬಾಗಿಲ ಹೊರಗೆ ತನ್ನ ಚಪ್ಪಲಿಗಳನ್ನು ತಾನೇ ಬೀದಿಗೆ ಮುಖ ಮಾಡಿ ಇಡುತ್ತಿದ್ದಳು. ಕಸ ಗುಡಿಸುವಾಗ ಮೌಲಾಬಿ ಅತ್ತಿತ್ತ ಸರಿಸಿದರೆ ಮತ್ತೆ ಹೋಗಿ ತಿರುಗಿಸುವಳು. ನಾನು ಹೋದಾಗಲೆಲ್ಲ ಮಂಚದ ಮೇಲೆ ನನ್ನನ್ನು ಕೂರಿಸಿ, ಊಟ ಹೇಗಿದೆ, ಯಾರಾದರೂ ಗದರಿದರೇ ಎಂದು ವಿಚಾರಿಸುವಳು. ಆಮೇಲೆ ಇನ್ನು ಹೊರಡುತ್ತೇನೆಂದು ಎದ್ದು, ಚಪ್ಪಲಿ ಮೆಟ್ಟಿ, ಕಟ್ಟೆಯ ಮೇಲೆ ಗಾಡಿ ಕಾಯುತ್ತ ಕೂರುವಳು. ನಾನು ಅಡುಗೆಮನೆ ಹಾದು, ಹಿತ್ತಿಲ ಬಾಗಿಲಲ್ಲಿ ಬಿಟ್ಟಿರುತ್ತಿದ್ದ ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಿಲ್ಲದೆ ಮನೆಗೆ ಬರುತ್ತಿದ್ದೆ. ಅವಳ ಚಪ್ಪಲಿ ಒಂದು ದಿನವಾದರೂ ಒಳಮುಖವಾಗಲಿ ಎಂದು ದೇವರಿಗೆ ಕೈಮುಗಿಯುತ್ತಿದ್ದೆ.

ಮಳೆಗಾಲ ಕಳೆದ ಮೇಲೆ ಒಂದು ದಿನ ಹೋದೆ. ದೂರದಿಂದಲೇ ಕಂಡಿತು: ಅಕ್ಕನ ಚಪ್ಪಲಿಗಳು ಒಳಗೆ ಮುಖ ಮಾಡಿದ್ದವು. ಮೌಲಾಬಿಯನ್ನು ಕೇಳಿದೆ. ತಾನು ಮುಟ್ಟಿಲ್ಲ, ಅವಳೇ ಹಾಗೆ ಬಿಟ್ಟಿದ್ದು, ಈಗ ಹೊರಡುವ ಮಾತೇ ಇಲ್ಲವೆಂದಳು. ನನ್ನ ಕಣ್ಣು ತುಂಬಿ ಬಂತು. ಹಿತ್ತಿಲಿಗೆ ಸುತ್ತಿ ಹೋಗದೆ, ಅವಳ ಚಪ್ಪಲಿಗಳ ಪಕ್ಕದಲ್ಲೇ ನನ್ನವನ್ನೂ ಬಿಟ್ಟು ಒಳಗೆ ಹೋದೆ.

ಅಕ್ಕ ಕಿಟಕಿಯ ಮಂಚದ ಮೇಲಿದ್ದಳು. ನನ್ನನ್ನು ಕಂಡು ಸರಿದು ಜಾಗ ಮಾಡಿ, "ಬರ್ರಿ, ಕುಂದರ್ರಿ. ಯಾರು ಬೇಕಾಗಿತ್ತು?" ಎಂದಳು.

ಬಸಲಿಂಗವ್ವನನ್ನು ನೋಡಲು ಬಂದೆನೆಂದೆ.

"ನಾನರೀ. ಇಲ್ಲಿ ನನ್ನ ತಂಗಿ ಇರತಿದ್ಲು. ತೀರಿಕೊಂಡ್ಲು. ಈ ಜಾಗ ಮತ್ತ್ಯಾರಿಗರ ಕೊಟ್ಟುಬಿಟ್ಟಾರಂತ ನಾನ ಉಳಕೊಂಡೆ."

ಅವಳು ಮಾಡಿಕೊಟ್ಟ ಜಾಗದಲ್ಲಿ ಕೂತೆ. "ಹ್ಯಾಂಗಿದ್ರು ನಿಮ್ಮ ತಂಗಿ?" ಎಂದು ಕೇಳಿದೆ.

"ಜಗಳಗಂಟಿ" ಎಂದಳು. ನಗು ಬಂತು ಅವಳಿಗೆ. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಗುಡುಗಿಗೆ ಹೆದರತಿದ್ಲು. ಹೋಗೋ ಹೊತ್ತಿನಾಗ ಗುಡುಗಿತ್ತೋ ಏನೋ. ನಾ ಇರಲಿಲ್ಲ."

ನಾನೇ ಅವಳೆಂದು ಹೇಳಿದೆ. ಅಕ್ಕ ಎಂದು ಕರೆದೆ. ಅವಳು ನನ್ನ ಕೈಯನ್ನು ಮೆಲ್ಲಗೆ ತಟ್ಟಿದಳು, ದುಃಖದಲ್ಲಿರುವ ಬೇರೆ ಯಾರನ್ನೋ ಸಮಾಧಾನ ಮಾಡುವ ಹಾಗೆ. ಚಹ ತರಿಸಿ ಕುಡಿಸಿದಳು. ಬಿಸಿಲು ಕಿಟಕಿ ಬಿಟ್ಟು ಗೋಡೆಗೆ ಹೋಯಿತು. ನಾನು ಎದ್ದೆ.

ಅವಳೂ ಎದ್ದು, ಗೋಡೆ ಹಿಡಿದುಕೊಂಡು ನನಗಿಂತ ಮುಂದೆ ಬಾಗಿಲಿಗೆ ಹೋದಳು. ಬೇಡವೆನ್ನುವಷ್ಟರಲ್ಲಿ ಬಗ್ಗಿದಳು. ಕೈಯಿಂದಲೇ ನನ್ನ ಚಪ್ಪಲಿಗಳನ್ನು ಒಂದೊಂದಾಗಿ ತಿರುಗಿಸಿ, ಬೀದಿಗೆ ಮುಖ ಮಾಡಿ ಜೋಡಿಸಿಟ್ಟಳು.

"ಹೊತ್ತು ಮುಳುಗೂದ್ರಾಗ ಮನಿ ಮುಟ್ಟರಿ" ಎಂದಳು.

ನಾನು ಕಾಲು ತೂರಿಸಿದೆ. ಸಲೀಸಾಗಿ ಹೋದವು.