ಅಳೆಯದ ತಿಂಗಳು

ಮತ್ತೆ ಆಕಳಿಸಿದರು ನಿರ್ದೇಶಕರು, ಬಾಯಿಗೆ ಕೈ ಅಡ್ಡ ಹಿಡಿಯುವಷ್ಟೂ ದಾಕ್ಷಿಣ್ಯವಿಲ್ಲ, ದವಡೆಹಲ್ಲಿನ ಬೆಳ್ಳಿ ಕೂಡ ಕಂಡಿತು, ಅವರ ಹಿಂದೆಯೇ ಆಡಳಿತಾಧಿಕಾರಿ, ಆಮೇಲೆ ಮೂಲೆಯ ಕುರ್ಚಿಯ ಸಲಹೆಗಾರ — ನಿದ್ದೆಯಲ್ಲ ಸ್ವಾಮಿ, ನೀವೇ ಬಿಟ್ಟ ಉಸಿರು, ಮುಚ್ಚಿದ ಕಿಟಕಿ, ಹದಿನಾಲ್ಕು ಜನ, ಎರಡು ಗಂಟೆಯ ಮಾತು, ನನ್ನ ಮಡಿಲಲ್ಲಿರುವ ಪುಟ್ಟ ಮಾಪಕ ಹೇಳುತ್ತಿದೆ, ಹತ್ತು ಲಕ್ಷ ಕಣಗಳಲ್ಲಿ ಸಾವಿರದ ಆರುನೂರು ಇಂಗಾಲದ ಡೈಆಕ್ಸೈಡ್, ಹೊರಗಿರುವುದು ನಾನೂರ ಇಪ್ಪತ್ತೈದು. ಕಿಟಕಿ ತೆಗೆಯೋಣವಾ ಎಂದು ಕೇಳಿದ್ದೆ, ಎಸಿ ಹಾಕಿದೆ ಮೇಡಂ ಎಂದರು. ಹವಾಮಾನ ಸಂಸ್ಥೆಯಂತೆ, ಕೋಣೆಯ ಹವೆ ಕೆಟ್ಟದ್ದು ತಿಳಿಯದವರು ಭೂಮಿಯದ್ದು ತಿಳಿಯುತ್ತಾರಂತೆ. ಗೋಡೆಯ ಪರದೆಯ ಮೇಲೆ ನನ್ನ ಗೆರೆ, ಗುಡ್ಡದ ಗಾಳಿಯಲ್ಲಿ ಅದೇ ಅನಿಲ ಎಷ್ಟೆಂದು ಇಪ್ಪತ್ತೆಂಟು ವರ್ಷ ಅಳೆದದ್ದು, ತಿಂಗಳಿಗೊಂದು ಚುಕ್ಕೆ, ಗಿಡಮರ ಚಿಗುರುವಾಗ ಇಳಿದು ಎಲೆ ಕೊಳೆಯುವಾಗ ಏರಿ, ಆದರೆ ಪ್ರತಿ ವರ್ಷ ಹೋದ ವರ್ಷಕ್ಕಿಂತ ಮೇಲೆ, ಮುನ್ನೂರ ಅರವತ್ತರಿಂದ ಹೊರಟದ್ದು ಪರದೆಯ ಅಂಚು ಮುಟ್ಟಿದೆ, ಮತ್ತು ನಿರ್ದೇಶಕರು ಅದಕ್ಕೆ ಕೋಲು ತೋರಿಸಿ, ಗುಡ್ಡದ ಮೇಲಿನ ಅಳತೆ ಮುಂದಿನ ತಿಂಗಳಿಂದ ನಿಲ್ಲಿಸೋಣ, ಗೆರೆ ಹೇಗೂ ಮೇಲಕ್ಕೇ ಹೋಗುತ್ತೆ, ಮುಂದಿನ ಚುಕ್ಕೆ ಎಲ್ಲಿ ಬೀಳುತ್ತೆ ಅಂತ ಕಂಪ್ಯೂಟರೇ ಹೇಳುತ್ತಲ್ಲ ಎಂದರು. ಹದಿನಾಲ್ಕು ತಲೆಗಳಲ್ಲಿ ಹದಿಮೂರು ಆಡಿದವು.

ಹೇಳುತ್ತದಂತೆ, ಗುಡ್ಡ ಹತ್ತಿದ್ದರೆ ತಾನೆ ಗೊತ್ತಾಗುವುದು, ವಾರಕ್ಕೊಮ್ಮೆ ಗಾಳಿಗೆ ಮುಖ ಕೊಟ್ಟು, ಉಸಿರು ಬಿಗಿಹಿಡಿದು, ಸೀಸೆ ಎತ್ತಿ ಹಿಡಿದು ಮುಚ್ಚಳ ತಿರುಗಿಸಿ, ನನ್ನ ಉಸಿರು ಸೇರಿದರೆ ಅಳತೆ ಹಾಳು, ಹದಿನೈದು ಎಣಿಸುವಷ್ಟರಲ್ಲಿ ಎದೆ ಒಡೆದಂತೆ, ಈ ವಯಸ್ಸಿನಲ್ಲೂ. ಮನೆಯಲ್ಲಿ ಮೈದುನನಿಗೆ ಅದೇ ನಗೆಪಾಟಲು, ನಮ್ಮತ್ತಿಗೆ ಗಾಳಿ ಹಿಡಿಯೋಕೆ ಹೋಗ್ತಾರೆ ಅಂತಾನೆ, ಗಾಳೀನೇ ಅವರಿಗೆ ಹಿಡಿದಿದೆ, ಹತ್ತು ಲಕ್ಷದಲ್ಲಿ ನಾನೂರು ಏನು ಮಾಡೀತು ಅತ್ತಿಗೆ. ಕೊಡ ಹಾಲಿಗೆ ಹುಳಿ ಎಷ್ಟು ಬೇಕಪ್ಪ, ಹುಳಿ ಹಿಂಡುವುದರಲ್ಲಿ ಪಳಗಿದವನಿಗೆ ಇದನ್ನೂ ಹೇಳಿಕೊಡಬೇಕೇ. ಉಳಿದ ಗಾಳಿ ಶಾಖವನ್ನು ಸುಮ್ಮನೆ ಹೋಗಗೊಡುತ್ತದೆ, ಈ ಚೂರು ಮಾತ್ರ ಬಿಸಿಲು ಬರುವಾಗ ದಾರಿ ಬಿಟ್ಟು, ಕಾದ ನೆಲ ಬಿಡುವ ಶಾಖವನ್ನು ಹಿಡಿದು ಒಂದು ಪಾಲನ್ನು ಮತ್ತೆ ಕೆಳಕ್ಕೇ ಕಳಿಸುತ್ತದೆ — ಮೈದುನನ ಹಾಗೆಯೇ ಶಾಖವೂ, ಬರುವುದು ಸಲೀಸು, ಹೊರಡುವುದು ಕಷ್ಟ. ಅದು ಇಲ್ಲದಿದ್ದರೆ ಭೂಮಿ ಹಿಮದ ಗಡ್ಡೆ, ಅತಿಯಾದರೆ ಸಮುದ್ರ ಉಬ್ಬುತ್ತದೆ, ಮಳೆ ದಾರಿ ತಪ್ಪುತ್ತದೆ, ಎಷ್ಟು ಸಲ ಹೇಳಿದೆ, ಕೋಣನ ಮುಂದೆ ಕಿನ್ನರಿ, ಮನೆಯಲ್ಲೊಂದು ಕೋಣ, ಇಲ್ಲಿ ಹದಿಮೂರು.

ನೀವೇನಾದರೂ ಹೇಳೋದಿದೆಯಾ ಮೇಡಂ, ನಿರ್ದೇಶಕರು ನನ್ನ ಕಡೆ ತಿರುಗಿದರು. ಇದೆ ಎಂದು ಎದ್ದೆ, ಆದರೆ ಕಣ್ಣು ಹೋಗಿ ನಿಂತದ್ದು ಗೆರೆಯ ಹನ್ನೊಂದನೆಯ ವರ್ಷದ ಮೇಲೆ, ಏರಿಕೆಯ ನಡುವಿನ ಆ ಚುಕ್ಕೆಯ ಮೇಲೆ. ಆ ತಿಂಗಳೆಲ್ಲ ನಮ್ಮ ಯಜಮಾನರು ಆಸ್ಪತ್ರೆಯಲ್ಲಿ, ಎರಡೂ ಶ್ವಾಸಕೋಶದಲ್ಲಿ ನೀರು, ಮೂಗಿಗೆ ಕೊಳವೆ, ನಾನು ಮಂಚದ ಪಕ್ಕದ ಸ್ಟೂಲಿನಲ್ಲಿ, ಇವತ್ತು ಗಾಳಿ ಹಿಡಿಯೋಕೆ ಹೋಗಲಿಲ್ವಾ ಎಂದು ಕೇಳಿದರು, ಹೋಗಿ ಬಂದೆ ಎಂದೆ, ಅವರಿಗೆ ಹೇಳಿದ ಕೊನೆಯ ಸುಳ್ಳು. ಕರ್ಮಾಂತರ ಮುಗಿಸಿ ಬಂದಾಗ ನಾಲ್ಕು ಸೀಸೆಗಳು ಖಾಲಿ, ಸೀಸೆ ತುಂಬುವವಳೂ ನಾನೇ, ಯಂತ್ರಕ್ಕೆ ಕೊಡುವವಳೂ ನಾನೇ, ಬರೆಯುವವಳೂ ನಾನೇ, ಹಿಂದಿನ ಚುಕ್ಕೆಗೂ ಮುಂದಿನದಕ್ಕೂ ಅಡಿಕೋಲು ಇಟ್ಟು ನಡುವೆ ಒಂದು ಇಟ್ಟೆ. ಯಾರೂ ಕೇಳಲಿಲ್ಲ. ಹದಿನೇಳು ವರ್ಷ ಎಲ್ಲರನ್ನೂ ದಡ್ಡರೆಂದು ನೋಡಿದವಳು ಅದೊಂದನ್ನು ಮಾತ್ರ ನೋಡದೆ ದಾಟಿದೆ.

ಹೇಳಿಬಿಟ್ಟೆ. ಹೋದ ತಿಂಗಳ ಗಾಳೀನ ಈ ತಿಂಗಳು ಅಳೆಯೋಕಾಗಲ್ಲ ಸರ್, ನನಗೆ ಗೊತ್ತು, ಅಲ್ಲೊಂದು ಚುಕ್ಕೆ ಅಳತೆಯದಲ್ಲ, ನಾನು ಕೂತಲ್ಲೇ ಇಟ್ಟದ್ದು, ಆ ತಿಂಗಳು ಗಾಳಿ ಹೇಗಿತ್ತೋ ಇನ್ನು ಯಾರಿಗೂ ಗೊತ್ತಾಗಲ್ಲ. ಬೈಯುತ್ತಾರೆಂದುಕೊಂಡೆ, ಕೆಲಸದಿಂದ ತೆಗೆಯುತ್ತಾರೆಂದುಕೊಂಡೆ, ತೆಗೆಯಲಿ, ಗುಡ್ಡ ಉಳಿದರೆ ಸಾಕು. ನಿರ್ದೇಶಕರು ಪರದೆಯ ಹತ್ತಿರ ಹೋಗಿ ಬಗ್ಗಿದರು, ಹುಡುಕಿದರು, ಯಾವುದು ಎಂದು ಅವರಿಗೆ ಸಿಗಲಿಲ್ಲ, ತಿರುಗಿ ನಕ್ಕರು, ಮೊದಲ ಸಲ ಎಚ್ಚರವಾಗಿದ್ದರು — ನೋಡಿ, ಅಳೆಯದೇನೇ ಸರಿಯಾಗಿ ಬಂದಿದೆಯಲ್ಲ ಮೇಡಂ, ನಾನೂ ಅದನ್ನೇ ಹೇಳ್ತಿರೋದು. ಅಳತೆ ನಿಲ್ಲಿಸುವ ತೀರ್ಮಾನದ ಹಾಳೆ ಒಬ್ಬರಿಂದ ಒಬ್ಬರಿಗೆ ಹೋಯಿತು, ಹದಿಮೂರು ಸಹಿ, ಸಲಹೆಗಾರ ಪೆನ್ನನ್ನು ನನ್ನ ಕಡೆಗೂ ಚಾಚಿದ, ಮುಟ್ಟಲಿಲ್ಲ, ಕುರ್ಚಿಗಳು ಸರಿದವು, ಯಾರೋ ದೀಪ ಆರಿಸಿದರು, ಪರದೆ ಮಾತ್ರ ಇನ್ನೂ ಬೆಳಗುತ್ತಿದೆ, ಇವರಿಗೆ ಬುದ್ಧಿಯಿಲ್ಲ, ಇವರಿಗೆ — ಆ ಚುಕ್ಕೆ, ಅಕ್ಕಪಕ್ಕದವಷ್ಟೇ ದುಂಡಗೆ, ಅಷ್ಟೇ ಕಪ್ಪಗೆ, ಒಳಗೆ ಗಾಳಿಯಿಲ್ಲ, ಆ ಚುಕ್ಕೆ, ಗಾಳಿಯಿಲ್ಲ, ಚುಕ್ಕೆ