ಕತ್ತರಿ ಬಿಡದ ಅಕ್ಕ

ಆ ದರ್ಜಿ ಅಂಗಡಿಯಲ್ಲಿ ಇಂಗ್ಲಿಷ್ ಪಾಠ ಶುರುವಾದದ್ದು ಹೋಟೆಲೊಂದರ ಕೋಟುಗಳ ಆರ್ಡರ್ ಸಿಕ್ಕಿದ್ದರಿಂದ. ಹೋಟೆಲಿನವರಿಗೆ ಬೇರೆ ಭಾಷೆ ಬಾರದು. ‘ಟೈಟು’, ‘ಲೂಸು’ ಅಂದರೆ ಮುಗಿಯುವ ಕೆಲಸ. ಆದರೆ ಸಿಕ್ಕಿದ ಮೇಷ್ಟ್ರಿಗೋ ಭಾರಿ ಭಾರಿ ಕ್ರಿಯಾಪದಗಳ ಹುಚ್ಚು. ವಾರಕ್ಕೊಂದನ್ನು ಹೊತ್ತು ತಂದು, ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಕೂತವರ ತಲೆ ತಿನ್ನುತ್ತಿದ್ದರು. ಆ ವಾರದ್ದು ‘ರಿಲಿಂಕ್ವಿಶ್’.

“ಅಂದ್ರೆ ಬಿಟ್ಟುಕೊಡೋದು,” ಎಂದರು ಮೇಷ್ಟ್ರು. “ಹಳೇ ಅಂಗಿ ಯಾರಿಗೋ ಕೊಟ್ರೆ ಅದಕ್ಕೆ ಹೇಳಲ್ಲ. ಅಧಿಕಾರ, ಹಕ್ಕು, ಹುದ್ದೆ ಇಂಥದ್ದನ್ನ ಮನಸ್ಸಿಲ್ದೇ ಬಿಡ್ತೀವಲ್ಲ, ಅದಕ್ಕೆ. ಯಾರಿಗೆ ಅಂತ ಹೇಳೋಕೆ ‘ಟು’ ಸೇರಿಸಿ. ಹರಟೆ ಹೊಡೀವಾಗ ಬಳಸ್ಬೇಡಿ, ನಗ್ತಾರೆ. ಈಗ ಒಬ್ಬೊಬ್ರೂ ನಿಮ್ಮ ಜೀವನದಿಂದ ಒಂದು ನಿಜವಾದ ವಾಕ್ಯ ಹೇಳಿ.”

ಅಂಗಡಿ ನಡೆಸುತ್ತಿದ್ದ ವಾರಗಿತ್ತಿಯರಿಬ್ಬರಲ್ಲಿ ಕಿರಿಯಳು ಇದಕ್ಕೇ ಕಾದಿದ್ದವಳಂತೆ ಎದ್ದಳು. ತಡವರಿಸದೆ ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟಳು: ನಮ್ಮಕ್ಕ ಕತ್ತರಿಯನ್ನು ಯಾರಿಗೂ ರಿಲಿಂಕ್ವಿಶ್ ಮಾಡುವುದಿಲ್ಲ.

ಮೆಷಿನ್ ತುಳಿಯುವ ಇಬ್ಬರು ದರ್ಜಿಗಳು ಕಿಸಕ್ಕೆಂದರು. ಹಿರಿಯಳಿಗೆ ಮೈಯೆಲ್ಲ ಉರಿದುಹೋಯಿತು. ಅತ್ತೆಯ ಕಾಲದಿಂದಲೂ ಆ ಅಂಗಡಿಯ ಕಟ್ಟಳೆ ಅದೇ. ದೊಡ್ಡ ಕತ್ತರಿ ಹಿಡಿದವಳೇ ಯಜಮಾನಿ, ಅವಳು ಕತ್ತರಿಸಿ ಕೊಟ್ಟದ್ದನ್ನು ಉಳಿದವರು ಹೊಲಿಯಬೇಕು. ಕಿರಿಯಳು ಮದುವೆಯಾಗಿ ಬಂದಾಗಿನಿಂದ ಕಾಜ, ಗುಂಡಿಯಲ್ಲೇ ಕಣ್ಣು ಸವೆಸುತ್ತಿದ್ದಳು. ಸವೆಸಲಿ, ಸೂಜಿಗೆ ದಾರ ಪೋಣಿಸಲು ಬಾರದೆ ಬಂದವಳು ಎಂಬುದು ಹಿರಿಯಳ ಲೆಕ್ಕ. ನಿಜ ಹೇಳಬೇಕೆಂದರೆ ಕತ್ತರಿ ಕೈಬಿಟ್ಟರೆ ಆ ಮನೆಯಲ್ಲಿ ತನ್ನನ್ನು ಯಾರೂ ಮೂಸಿ ನೋಡುವುದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ನಂದೂ ಬರ್ಕೊಳ್ಳಿ ಮೇಷ್ಟ್ರೇ,” ಎಂದು ಎದ್ದಳು. “ನನ್ನ ಉಸಿರಿರೋವರ್ಗೂ ಈ ಗುಂಡಿ ಹಚ್ಚೋಳಿಗೆ ನಾನು ಕತ್ತರಿ ರಿಲಿಂಕ್ವಿಶ್ ಮಾಡಲ್ಲ!”

“‘ಟು’ ಸೇರ್ಸಿದ್ರೆ ವಾಕ್ಯ ಬಹಳ ಚೆನ್ನಾಗಿದೆ,” ಎಂದರು ಆ ಪುಣ್ಯಾತ್ಮರು.

ಮೇಷ್ಟ್ರು ಮೆಟ್ಟಿಲಿಳಿಯುವ ಮೊದಲೇ ಹಿರಿಯಳು ಹೋಟೆಲಿನವರು ಕೊಟ್ಟ ಬಟ್ಟೆಯ ಥಾನನ್ನು ಮೇಜಿನ ಮೇಲೆ ಧಡಾರನೆ ಬಿಚ್ಚಿದಳು. ತಾನೇನೆಂದು ಇವತ್ತೇ ತೋರಿಸಬೇಕಿತ್ತು. ಪದರದ ಮೇಲೆ ಪದರ ಹಾಸಿ, ಮನಸ್ಸಿನಲ್ಲೇ ಬೈಯುತ್ತ, ಆರ್ಡರಿನಲ್ಲಿ ಕತ್ತರಿಸಲು ಬಾಕಿಯಿದ್ದ ತೋಳುಗಳಷ್ಟನ್ನೂ ಒಂದೇ ಬೈಠಕ್ಕಿನಲ್ಲಿ ಕತ್ತರಿಸಿ ಬಿಸಾಡಿದಳು.

ಬೆಳಿಗ್ಗೆ ಮೆಷಿನ್ನಿನವನು ಎರಡು ತೋಳು ಹಿಡಿದು ಬಂದು, ಒಂದರ ಮೇಲೊಂದಿಟ್ಟು ತೋರಿಸಿದ. ಆ ಬಟ್ಟೆಯ ಒಂದು ಮುಖ ಹೊಳಪು, ಇನ್ನೊಂದು ಮಂಕು. ಹೊಳಪಿಗೆ ಹೊಳಪು ಎದುರಾಗುವಂತೆ ಹಾಸಿ ಕತ್ತರಿಸಿದರೆ ಎಡ, ಬಲ ಎರಡೂ ಬರುತ್ತವೆ. ಹಿರಿಯಳು ಕೋಪದ ಭರದಲ್ಲಿ ಎಲ್ಲ ಪದರವನ್ನೂ ಹೊಳಪು ಮೇಲಾಗಿಯೇ ಹಾಸಿದ್ದಳು. ಬಲಗೈಯದು ಒಂದೂ ಇರಲಿಲ್ಲ.

“ಎಲ್ಲಾ ಎಡಗೈನೇ,” ಕಿರಿಯಳು ರಾಶಿ ಕೆದಕಿದಳು. “ಆ ಹೋಟೆಲಲ್ಲಿ ಎಲ್ರಿಗೂ ಎರಡೂ ಎಡಗೈಯೇನಕ್ಕ?”

“ಬಾಯ್ಮುಚ್ಚೇ!”

“ಮುಚ್ತೀನಿ. ಹೋಟೆಲಿನವ್ರು ಬಂದಾಗ ನೀವೇ ಬಾಯಿ ಬಿಡಿ.” ಥಾನಿನ ತುದಿಯಲ್ಲಿ ಉಳಿದದ್ದನ್ನು ಎಳೆದು, ಗೇಣು ಹಾಕಿ, ಸೀಮೆಸುಣ್ಣದಲ್ಲಿ ಗೀಟೆಳೆದಳು. “ಕಂಕುಳ ಹತ್ರ ತುಂಡು ಜೋಡಿಸಿದ್ರೆ ಬಲಗೈ ಅಷ್ಟೂ ಇದ್ರಲ್ಲೇ ಕೂರುತ್ತೆ. ಕೊಡಿ ಇಲ್ಲಿ.”

ಚಾಚಿದ ಕೈಯನ್ನು ಹಿರಿಯಳು ದುರುಗುಟ್ಟಿಕೊಂಡು ನೋಡಿದಳು. ಗೀಟು ಸರಿಯಾಗಿಯೇ ಇತ್ತು. ಹೊಟ್ಟೆಗೆ ಬೆಂಕಿ ಬಿದ್ದದ್ದೂ ಅದಕ್ಕೇ. ತಾನೇ ಕತ್ತರಿಸೋಣವೆಂದು ಬಗ್ಗಿ ಕತ್ತರಿಯನ್ನು ಗೀಟಿಗೆ ತಾಗಿಸಿದವಳು ಮತ್ತೆ ಹಿಂದೆಗೆದಳು. ಇನ್ನೊಂದು ತಪ್ಪಿಗೆ ಅಲ್ಲಿ ಬಟ್ಟೆ ಇರಲಿಲ್ಲ. ದರ್ಜಿಗಳಿಬ್ಬರೂ ಮೆಷಿನ್ ನಿಲ್ಲಿಸಿ ನೋಡುತ್ತಿದ್ದರು.

ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. “ಬಿಟ್ಕೊಟ್ಟೆ ಅಂತ ಬೀಗ್ಬೇಡ, ತಿಳೀತಾ? ಇದು ಇವತ್ತಿಗೆ ಮಾತ್ರ.”

ಕಿರಿಯಳು ಆಗಲೇ ಬಟ್ಟೆಯ ಮೇಲೆ ಬಗ್ಗಿದ್ದಳು.

“ಆ ಕಡೆ ಸರೀರಿ ಅಕ್ಕ,” ಎಂದಳು ತಲೆಯೆತ್ತದೆ. “ಬೆಳಕಿಗೆ ಅಡ್ಡ ನಿಂತಿದೀರ.”